ಬೀರುವಿನೊಳಗೆ ಆರು ಗಿಡ

ಕತ್ತರಿ ಮತ್ತೆ ಅಂಟಿಕೊಂಡಿತು, ಎರಡು ಅಲಗೂ ಒಂದನ್ನೊಂದು ಬಿಡುತ್ತಿಲ್ಲ, ಹೆಬ್ಬೆರಳಿನಿಂದ ಬಿಡಿಸಹೋದರೆ ಹೆಬ್ಬೆರಳೂ ಅವುಗಳ ಜೊತೆ ಸೇರಿಕೊಳ್ಳುತ್ತದೆ, ಈ ಕಂದು ಅಂಟು ಸೋಪಿಗೆ ಹೋಗುವುದಿಲ್ಲ, ಎಣ್ಣೆಗೆ ಮಾತ್ರ ಹೋಗುತ್ತದೆ, ಎಣ್ಣೆಯ ಬಟ್ಟಲು ಯಾಮಂದುವಿನ ಮೊಣಕೈ ಹತ್ತಿರ ಇದೆ, ಕೇಳಿದರೆ ಅವನು ತಲೆ ಎತ್ತುತ್ತಾನೆ, ತಲೆ ಎತ್ತಿದರೆ ನಾನು ಹೇಳಬೇಕಾಗುತ್ತದೆ — ಆವತ್ತು ಫೋನ್ ಮಾಡಿದ್ದು ನಾನು — ನಾಲ್ಕು ಪದ, 'ಆವತ್ತು' ಬೇಕಿಲ್ಲ, ಯಾವತ್ತು ಅಂತ ಇಬ್ಬರಿಗೂ ಗೊತ್ತು, ಮೂರು ಪದ ಸಾಕು, ಮೂವತ್ತೆಂಟು ವರ್ಷ ಪತ್ರಿಕೆಯಲ್ಲಿ ಕೂತು ಬೇರೆಯವರ ವಾಕ್ಯಗಳಿಂದ ಪದ ಕಿತ್ತವನಿಗೆ ಮಗನ ಎದುರು ಮೂರು ಪದ ಆಡಲು ಬಾಯಿ ಬರುತ್ತಿಲ್ಲ, ಬೆಳಗ್ಗೆ ಎಂಟಕ್ಕೆ ಕೂತದ್ದು, ಈಗ ಹತ್ತೂವರೆ, ಆರು ಗಾಂಜಾ ಗಿಡಗಳಲ್ಲಿ ನಾಲ್ಕು ಮುಗಿದವು, ಐದನೆಯದು ಮೇಜಿನ ಮೇಲೆ ಬಿದ್ದಿದೆ — ಮುದುಕಪ್ಪ, ಎಲೆ ತೆಗಿ ಅಂದ್ರೆ ಹೂವಿನ ತಲೆಯನ್ನೇ ತೆಗೀತಿದೀಯಲ್ಲ, ಇದೇನು ನಿನ್ನ ಪೇಪರಿನ ಅಲ್ಪವಿರಾಮ ಅಂದ್ಕೊಂಡ್ಯಾ, ಅನ್ನುತ್ತಾನೆ ಯಾಮಂದು, ನಗುತ್ತಾನೆ, ನಗುವಾಗ ಮೇಲಿನ ತುಟಿಯನ್ನು ಕೆಳಗೆ ಎಳೆದುಕೊಳ್ಳುತ್ತಾನೆ, ಮೇಲಿನ ಎರಡು ಹಲ್ಲು ಕಟ್ಟಿಸಿದವು, ಕಟ್ಟಿಸಿ ಹನ್ನೆರಡು ವರ್ಷವಾದರೂ ತುಟಿಗೆ ಅದು ಗೊತ್ತಾಗಿಲ್ಲ, ನಲವತ್ತರ ಗಂಡಸು ಇನ್ನೂ ಹಲ್ಲಿಲ್ಲದವನ ಹಾಗೆ ನಗುತ್ತಾನೆ, ನಾನು ಎಲೆ ಕತ್ತರಿಸುತ್ತೇನೆ, ಬುಡದಿಂದ ತುದಿಗೆ, ಹೂವಿಗೆ ತಾಗದ ಹಾಗೆ, ಕತ್ತರಿಸಿದ ಎಲೆ ಬೋಗುಣಿಗೆ, ಹೂವು ತಂತಿಗೆ, ಅಡುಗೆಮನೆಯ ಗಾಳಿಯೆಲ್ಲ ಇದರದೇ ವಾಸನೆ, ಒದ್ದೆ ಹುಲ್ಲು ಮತ್ತು ಸೀಮೆಎಣ್ಣೆ ಸೇರಿದ ಹಾಗೆ, ಕಿಟಕಿ ತೆಗೆದರೆ ತೈಲ ಕಾರ್ಖಾನೆಯ ವಾಸನೆ ಒಳಗೆ ಬರುತ್ತದೆ, ಈ ಲಾ ತೇಖಾ ಕೇರಿಯಲ್ಲಿ ಹುಟ್ಟಿದವರಿಗೆ ಎರಡರಲ್ಲೊಂದು ವಾಸನೆಯನ್ನು ಆರಿಸಿಕೊಳ್ಳುವುದಷ್ಟೇ.

ಕೋಣೆಯ ಬಾಗಿಲು ತೆರೆದೇ ಇದೆ, ಇಲ್ಲಿಂದ ಬೀರು ಕಾಣುತ್ತದೆ, ಖಾಲಿ, ಬಲ್ಬು ಆರಿದೆ, ನನ್ನ ಹೆಂಡತಿ ಎಲ್ಬಾ ಮದುವೆಗೆ ತಂದ ಬೀರು, ಕಪ್ಪು ಮರದ್ದು, ಒಳಗೆ ಅವಳ ಕೋಟು ನೇತಾಡುತ್ತಿದ್ದ ಕಡೆ ಈಗ ಸುಣ್ಣ ಬಳಿದಿದ್ದೇವೆ, ಬೆಳಕು ನಾಲ್ಕೂ ಕಡೆಯಿಂದ ಗಿಡಕ್ಕೆ ವಾಪಸಾಗಲಿ ಅಂತ, ಅಂಗಡಿಯಲ್ಲಿ ಅದಕ್ಕೆಂದೇ ಬೆಳ್ಳಿಯಂಥ ಹಾಳೆ ಮಾರುತ್ತಾರೆ, ಬೇಡ ಅಪ್ಪ, ಸುಣ್ಣ ಸಾಕು, ಅಂದ ಯಾಮಂದು, ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದ ಫ್ಯಾನು ಸಾಕು, ಬೇಕರಿಯವರು ಬಿಸಾಕುವ ಐದು ಕಿಲೋ ಹಾಲುಪಾಕದ ಡಬ್ಬಿಗಳ ತಳಕ್ಕೆ ತೂತು ಹೊಡೆದರೆ ಕುಂಡ, ಹಿತ್ತಲಿನ ಮಣ್ಣಿಗೆ ನಾನು ದಿನಾ ಚಹಾದ ಹಾಗೆ ಬಿಸಿನೀರು ಹೊಯ್ದು ಕುಡಿದು ಒಣಗಿಸಿಟ್ಟ ಯೆರ್ಬಾ ಸೊಪ್ಪು ಬೆರೆಸಿದರೆ ಗೊಬ್ಬರ, ನೀನು ಹೀರೋದು ನೋಡಿದ್ರೆ ಆರೇನು ಅರವತ್ತು ಗಿಡ ಸಾಕಬಹುದು, ಅಂದ, ಆವತ್ತೂ ನಗು, ತುಟಿ ಕೆಳಗೆ — ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು, ಕತ್ತಲಿನ ಹೊತ್ತಿನಲ್ಲಿ ಬಾಗಿಲು ತೆಗೆಯಕೂಡದು, ಸಂದಿಯಿಂದ ಒಂದು ಗೆರೆ ಬೆಳಕು ಹೋದರೂ ಗಿಡಕ್ಕೆ ದಿಕ್ಕು ತಪ್ಪುತ್ತದೆ, ಹೂವಿನೊಳಗೆ ಬೀಜ ಕಟ್ಟಿಬಿಡುತ್ತದೆ, ಎಲ್ಲ ಕೆಲಸವೂ ದಂಡ, ಅದಕ್ಕೇ ಬೀರುವಿನ ಮೇಲೆ ಕಂಬಳಿ ಹೊದಿಸಿ ನಾನು ಒಂಬತ್ತು ವಾರ ಕಾವಲು ಕಾದೆ, ಮುಚ್ಚಿಡುವುದರಲ್ಲಿ ನನ್ನಷ್ಟು ಅಭ್ಯಾಸ ಇನ್ಯಾರಿಗಿದೆ. ಅವನ ಬಾಡಿಗೆ ಕೋಣೆಯ ಒಡತಿ ಒಪ್ಪಲಿಲ್ಲ, ಅದಕ್ಕೆ ನನ್ನ ಮನೆ, ನನ್ನ ಹೆಸರು, ನಾನೇ ಅಂಚೆ ಕಚೇರಿಗೆ ಹೋಗಿ ಬರೆಸಿಬಂದೆ, ಗುರುತಿನ ಚೀಟಿ, ವಿಳಾಸಕ್ಕೆ ನೀರಿನ ಬಿಲ್ಲು, ಈಗ ಕಾನೂನೇ ಬಿಡುತ್ತದೆ, ಮನೆಗೆ ಆರು ಹೂಬಿಡುವ ಗಿಡ, ವರ್ಷಕ್ಕೆ ನಾನೂರ ಎಂಬತ್ತು ಗ್ರಾಂ, ಗಾಜಿನ ಆಚೆ ಇದ್ದ ಹುಡುಗಿ ಕೇಳಿದಳು, ಹೊರಗಾ ಒಳಗಾ ಅಜ್ಜಾ — ಒಳಗೆ, ಬೀರುವಿನಲ್ಲಿ, ಅಂದೆ — ಅವಳು ಕಣ್ಣೆತ್ತಲೂ ಇಲ್ಲ, 'ಒಳಗೆ' ಅಂತ ಟೈಪ್ ಮಾಡಿದಳು, ಪಾರ್ಸೆಲ್ಲಿಗೆ ಹೊಡೆಯುವ ಮುದ್ರೆಯನ್ನೇ ಹೊಡೆದಳು, ಮುಂದಿನವರು ಬನ್ನಿ ಅಂದಳು, ನಾನು ಅಲ್ಲೇ ನಿಂತಿದ್ದೆ, ಏನಾದ್ರೂ ಬೇಕಿತ್ತಾ ಅಜ್ಜಾ, ಏನೂ ಇಲ್ಲಮ್ಮ, ಇದೇ ಬೀರುವಿಗೆ, ಇದೇ ವಿಳಾಸಕ್ಕೆ, ಆರರ ಅರ್ಧ ಗಿಡಕ್ಕೆ ನನ್ನ ಮಗ ಎಂಟು ತಿಂಗಳು ಜೈಲಿನಲ್ಲಿದ್ದ, ಮೇಲಿನ ಎರಡು ಹಲ್ಲು ಅಲ್ಲೇ ಬಿಟ್ಟುಬಂದ, ಅದನ್ನು ಯಾವ ಖಾನೆಯಲ್ಲಿ ಬರೆಯಬೇಕು ಅಂತ ಕೇಳಬೇಕಿತ್ತು, ಕೇಳಲಿಲ್ಲ, ಹಿಂದೆ ಒಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು ಕಾಯುತ್ತಿದ್ದಳು.

ಮೂರು ಗಿಡ, ಒಂದು ಬಲ್ಬು, ಎರಡು ಸಾವಿರದ ಹತ್ತು, ಮೇ ತಿಂಗಳು, ಅವನಿಗೆ ಇಪ್ಪತ್ತಾರು, ಲೇತ್ ಕೆಲಸ ಕಲಿಸುವ ಮೇಷ್ಟ್ರಾಗುವುದಕ್ಕೆ ಕೊನೆಯ ವರ್ಷ ಓದುತ್ತಿದ್ದ, ಸಂಜೆ ಬಂದವನೇ ಬೀರುವಿನ ಮುಂದೆ ಕೂರುತ್ತಿದ್ದ, ಎಲ್ಬಾ ಅಳುತ್ತಿದ್ದಳು, ಓದು ಬಿಡ್ತಾನೆ ಹೇಬೆರ್, ನೀನು ಅಪ್ಪ ಅಲ್ವಾ, ಏನಾದ್ರೂ ಮಾಡು — ನಾನು ಮಾಡುವುದಕ್ಕೆ ಮುಂಚೆ ಓದಿದೆ, ಅದು ನನ್ನ ಅಭ್ಯಾಸ, ಪತ್ರಿಕೆಯ ಗ್ರಂಥಾಲಯದಿಂದ ಕಾನೂನು ತರಿಸಿ ಓದಿದೆ, ಸೇದುವುದು ಈ ದೇಶದಲ್ಲಿ ಎಪ್ಪತ್ತನಾಲ್ಕರಿಂದಲೇ ಅಪರಾಧವಲ್ಲ, ಸ್ವಂತಕ್ಕೆ ಇಟ್ಟುಕೊಂಡವನಿಗೆ ಶಿಕ್ಷೆಯಿಲ್ಲ, ಸ್ಪಷ್ಟವಾಗಿ ಬರೆದಿದೆ, ಹಾಗಾದರೆ ಪೊಲೀಸರು ಬಂದರೂ ಹೆದರಿಸುವುದಷ್ಟೇ, ಜೈಲಿಗೆ ಹಾಕಲಾರರು, ಲೆಕ್ಕ ಸರಿ ಇತ್ತು, ಅದೇ ಪುಟದಲ್ಲಿ, ಅದರ ಮೇಲಿನ ವಿಧಿಯಲ್ಲಿ, ಬೆಳೆಯುವವನ ಬಗ್ಗೆ ಬೇರೆ ಮಾತಿತ್ತು, ಬೆಳೆಯುವುದು ಅಪರಾಧ, ಎಷ್ಟೇ ಆಗಲಿ, ಯಾರಿಗೇ ಆಗಲಿ — ನಾನು ಅದನ್ನು ಓದಲಿಲ್ಲ, ಬೇಕಾದ ಸಾಲು ಸಿಕ್ಕಿದ ಮೇಲೆ ಮೇಲಕ್ಕೆ ಕಣ್ಣಾಡಿಸಲಿಲ್ಲ, ಸೇದಬಹುದು ಆದರೆ ಬೆಳೆಯಬಾರದು ಅನ್ನುವ ಕಾನೂನು ಇರಬಹುದೆಂದು ತಲೆ ಸರಿ ಇರುವ ಯಾರಿಗೆ ಹೊಳೆಯುತ್ತದೆ, ಇಡೀ ಊರಿಗೇ ಹೊಳೆದಿರಲಿಲ್ಲ, ಎಲ್ಲರೂ ಸಮುದ್ರದಂಡೆಯಲ್ಲಿ ಪೊಲೀಸರ ಎದುರೇ ಸೇದುತ್ತಿದ್ದರು, ಅದು ನೆಪ, ಅವರ ಕೆಲಸ ಓದುವುದಲ್ಲ, ನನ್ನ ಕೆಲಸ ಓದುವುದು.

ವಾಲ್ಟರ್ ಎಲ್ಬಾಳ ತಮ್ಮ, ನಮ್ಮ ಠಾಣೆಯಲ್ಲೇ ಇದ್ದ, ಅವನಿಗೆ ಹೇಳುವುದೆಂದು ನಾನೇ ತೀರ್ಮಾನಿಸಿದೆ, ಎಲ್ಬಾಳಿಗೆ ಹೇಳಲಿಲ್ಲ, ನಮ್ಮ ಮನೆಯ ಫೋನು ಹಜಾರದಲ್ಲಿ, ಯಾಮಂದು ಮಲಗುತ್ತಿದ್ದದ್ದೂ ಹಜಾರಕ್ಕೆ ತಾಗಿದ ಕೋಣೆಯಲ್ಲಿ, ಮೊಬೈಲು ನನ್ನ ಹತ್ತಿರ ಇರಲಿಲ್ಲ, ಪಕ್ಕದ ಮನೆಗೆ ಹೋದೆ, ಕೇರಿಯವರೆಲ್ಲ ಗೌರವಕ್ಕೆ ದೋನ್ಯಾ ಅನ್ನುವ ಪೋಚಾ ಆಲೂಗಡ್ಡೆ ಸುಲಿಯುತ್ತಿದ್ದಳು, ಫೋನ್ ಮಾಡ್ಲಾ ಪೋಚಾ, ನಮ್ದು ಸತ್ತಿದೆ — ಮಾಡು ಮಾಡು, ಅದಕ್ಕೇನು ಹಸಿವಾಗುತ್ತಾ, ಅಂದಳು, ಚಾಕು ಕೆಳಗಿಡದೆ — ಠಾಣೆಗೆ ಮಾಡಿದೆ, ವಾಲ್ಟರನ್ನು ಕರೆಸಿದೆ, ಎಷ್ಟು ಗಿಡ ಭಾವ, ಮೂರು, ಮೂರು ತಾನೇ, ಬಂದು ಕಿತ್ತು ಹಾಕ್ತೀನಿ, ಎರಡು ಬೈಗುಳ ಬಯ್ತೀನಿ, ಒಂದು ವಾರ ಚಡ್ಡಿ ಒದ್ದೆ ಮಾಡ್ಕೋತಾನೆ, ಅಷ್ಟೇ, ಬರೆಯೋದೂ ಇಲ್ಲ ಏನೂ ಇಲ್ಲ — ನಾನು ಸಮಾಧಾನವಾಗಿ ಫೋನ್ ಇಟ್ಟೆ, ಪೋಚಾ ಒಂದು ತಟ್ಟೆ ಹುರಿದ ಆಲೂಗಡ್ಡೆ ಕೈಗೆ ಕೊಟ್ಟು ಕಳಿಸಿದಳು, ಅದನ್ನು ಯಾಮಂದುವೂ ತಿಂದ. ಮಾರನೆಯ ದಿನ ವಾಲ್ಟರ್ ಒಬ್ಬನೇ ಬರಲಿಲ್ಲ, ಹೊಸದಾಗಿ ಬಂದ ಅಧಿಕಾರಿಯೊಬ್ಬ ಜೊತೆಗಿದ್ದ, ಕನ್ನಡಕದವನು, ಅವನು ಎಲ್ಲವನ್ನೂ ಬರೆದುಕೊಂಡ, ಗಿಡದ ಎತ್ತರ, ಬಲ್ಬಿನ ವ್ಯಾಟು, ಬೀರುವಿನ ಅಗಲ, ದೂರು ಬಂದ ಫೋನಿನ ನಂಬರು, ವಾಲ್ಟರ್ ಬಾಗಿಲಲ್ಲಿ ನನ್ನ ತೋಳು ಹಿಡಿದು ಪಿಸುಗುಟ್ಟಿದ, ಬರೆದಾಗಿದೆ ಭಾವ, ಬರೆದದ್ದನ್ನ ಅಳಿಸೋಕಾಗಲ್ಲ — ನನಗೆ ಹೇಳಿದ, ಜೀವನವೆಲ್ಲ ಬರೆದದ್ದನ್ನು ಅಳಿಸಿ ಸಂಬಳ ತಿಂದವನಿಗೆ.

ಅದೇ ಸಂಜೆ ನಾಲ್ಕು ಸಾಲಿನ ಸುದ್ದಿ ನನ್ನ ಮೇಜಿಗೇ ಬಂತು, ಲಾ ತೇಖಾದ ಮನೆಯೊಂದರಲ್ಲಿ ಗಾಂಜಾ ಬೆಳೆ, ವೈ. ಆರ್. ಎಂಬ ಇಪ್ಪತ್ತಾರರ ಯುವಕನ ಬಂಧನ, ಹದಿಮೂರು ಗಿಡ ವಶ — ಹದಿಮೂರಲ್ಲ, ಮೂರು, ವರದಿಗಾರನನ್ನು ಕರೆದು ಕೇಳಿದೆ, ಎಲ್ಲಿಂದ ತಂದೆ ಹದಿಮೂರು, ಫೋನಿನಲ್ಲಿ ಹಾಗೇ ಕೇಳಿಸ್ತು ದೊನ್ ಹೇಬೆರ್, ತಿದ್ದಿ, ನಿಮ್ಮ ಕಣ್ಣಿಗೆ ಏನೂ ತಪ್ಪಿಸಿಕೊಳ್ಳಲ್ಲ ಅಂದ, ಹೊಗಳಿದ, ನಾನು 'ಹದಿ' ಹೊಡೆದು ಹಾಕಿದೆ, ಅಂಚಿನಲ್ಲಿ ನನ್ನ ಸಹಿ ಮಾಡಿದೆ, ಕೆಳಗೆ ಕಳಿಸಿದೆ, ಆವತ್ತು ನನ್ನ ಮಗನಿಗೆ ನಾನು ಮಾಡಿದ ಉಪಕಾರ ಅದೊಂದೇ, ಪತ್ರಿಕೆಯಲ್ಲಿ ಸಂಖ್ಯೆ ಸರಿಯಾಗಿ ಬಂತು. ನ್ಯಾಯಾಧೀಶೆ ಆ ಮೇಲಿನ ವಿಧಿಯನ್ನು ಓದಿದ್ದರು, ನನ್ನ ಹಾಗೆ ಅರ್ಧ ಓದುವವರಲ್ಲ. ವಕೀಲ ಕಡತದ ನಕಲು ತಂದ ದಿನ ಎಲ್ಬಾ ಇದೇ ಮೇಜಿನ ಮೇಲೆ ಅದನ್ನು ಹರಡಿದಳು, ಬೆರಳಿಟ್ಟಳು, ಈ ನಂಬರು ಪೋಚಾಳದ್ದಲ್ವಾ, ಹೇಬೆರ್, ಪೋಚಾನೇ ಅಲ್ವಾ ಇದು — ನಾನು ನೋಡಿದೆ, ಏಳು ಅಂಕಿ, ಒಂದೂ ತಪ್ಪಿಲ್ಲ, ದಾಖಲೆ ಪೂರ್ತಿ ನಿಜ ಹೇಳುತ್ತಿತ್ತು, ಇರಬಹುದು, ಅಂದೆ. ಇರಬಹುದು. ಪತ್ರಿಕೆಯವರು ಸುಳ್ಳು ಬರೆಯಬೇಕಾದಾಗ ಬಳಸುವ ಪದ. ಅದಕ್ಕಿಂತ ಹೆಚ್ಚು ನಾನು ಒಂದಕ್ಷರ ಆಡಿಲ್ಲ, ಮಿಕ್ಕದ್ದನ್ನೆಲ್ಲ ಅವರೇ ಪೂರ್ತಿ ಮಾಡಿಕೊಂಡರು, ಮೂವತ್ತು ವರ್ಷ ಸಂಜೆ ಹೊತ್ತು ಬೀದಿಬದಿ ಕುರ್ಚಿ ಹಾಕಿಕೊಂಡು ಒಂದೇ ಸೋರೆಬುರುಡೆಯಿಂದ ಯೆರ್ಬಾ ಹೀರಿದ ಹೆಂಗಸರು, ಎಲ್ಬಾ ತನ್ನ ಕುರ್ಚಿಯನ್ನು ಹಿತ್ತಲಿಗೆ ಒಯ್ದಳು, ಬೀದಿಯಲ್ಲಿ ಪೋಚಾ ಎದುರಾದರೆ ರಸ್ತೆ ದಾಟುತ್ತಿದ್ದಳು, ಎಂಟು ವರ್ಷ ದಾಟಿದಳು, ಹಾಗೇ ಸತ್ತಳು, ಶವದ ಹತ್ತಿರ ಬರಲು ಪೋಚಾಳನ್ನು ಯಾಮಂದು ಬಿಡಲಿಲ್ಲ, ಹೂಗುಚ್ಛ ಹಿಡಿದು ಬಾಗಿಲಾಚೆ ನಿಂತಿದ್ದಳು, ಕಾರ್ನೇಶನ್ ಹೂವು, ನಾನು ಬೇರೆ ಕಡೆ ನೋಡಿದೆ.

ಅಪ್ಪ, ಒಂದು ಕೇಳ್ಲಾ, ಅನ್ನುತ್ತಾನೆ ಯಾಮಂದು, ವಾಲ್ಟರ್ ಮಾವ ಸಾಯೋವಾಗ ಏನಾದ್ರೂ ಅಂದ್ನಾ — ಏನಂತ — ಸುಮ್ನೆ, ಕೊನೆಗೆ ನೀನೊಬ್ಬನೇ ಜೊತೆಗಿದ್ಯಲ್ಲ — ಇಲ್ಲಪ್ಪ, ನೀರು ಕೇಳಿದ, ಕುಡಿಯೋಕಾಗಲಿಲ್ಲ — ಹ್ಞೂಂ, ಅನ್ನುತ್ತಾನೆ, ಅವನು ಬಂದಿಲ್ದಿದ್ರೆ ಆ ಕನ್ನಡಕದವನು ನನ್ನನ್ನ ಅಲ್ಲೇ ಹೊಡೀತಿದ್ದ, ಮಾವನ ಋಣ ಇದೆ ನನ್ನ ಮೇಲೆ — ಕತ್ತರಿಸುತ್ತಾನೆ, ಅವನ ಕೈ ಎಷ್ಟು ಬೇಗ, ಎಷ್ಟು ನಯ, ಲೇತಿನ ಮೇಲೆ ಇರಬೇಕಿದ್ದ ಕೈ, ಹದಿಮೂರು ವರ್ಷದಿಂದ ಸೂಪರ್‌ಮಾರ್ಕೆಟ್ಟಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಿದೆ, ಜೈಲು ಕಂಡವನಿಗೆ ಮಕ್ಕಳ ಮುಂದೆ ನಿಲ್ಲಲು ಬಿಡುವುದಿಲ್ಲ ಅಂದಿತ್ತು ಶಾಲೆ — ಐದು ವಾರ ಆಯಿತು ವಾಲ್ಟರ್ ಹೋಗಿ, ಶವಪೆಟ್ಟಿಗೆಗೆ ಮೊಳೆ ಹೊಡೆಯುವಾಗ ನನ್ನ ಭುಜ ಹಗುರಾಯಿತು, ಹೆಂಡತಿಯ ತಮ್ಮ ಸತ್ತದ್ದಕ್ಕೆ ನಾನು ಹಗುರಾದೆ, ಅದು ವಾಸ್ತವ, ಅದನ್ನು ತಿದ್ದುವ ಹಾಗಿಲ್ಲ, ಆಮೇಲೆ ಲೆಕ್ಕ ಹಾಕಿದೆ, ಇನ್ನು ಗೊತ್ತಿರುವವರು ಇಬ್ಬರೇ, ನಾನು ಮತ್ತು ಪೋಚಾ, ಅವಳಿಗೆ ಎಂಬತ್ತಾರು. ಅವಳಿಗೆ ಮೊದಲ ದಿನದಿಂದಲೂ ಗೊತ್ತು, ಆಲೂಗಡ್ಡೆ ಸುಲಿಯುತ್ತಾ ಪ್ರತಿ ಮಾತನ್ನೂ ಕೇಳಿಸಿಕೊಂಡವಳು, ಯಾಕೆ ಹೇಳಲಿಲ್ಲ ಪೋಚಾ, ಅಂತ ಒಮ್ಮೆ ಮಾತ್ರ ಕೇಳಿದೆ, ಪಿಂಚಣಿಯ ಸಾಲಿನಲ್ಲಿ ಅವಳ ಹಿಂದೆ ನಿಂತು, ಅವಳು ತಿರುಗದೆಯೇ ಹೇಳಿದಳು, ನಂಗೆ ಮಕ್ಕಳಿಲ್ಲ ಹೇಬೆರ್, ನನ್ನ ಮೇಲೆ ಮುನಿಸಿಕೊಂಡ್ರೆ ನಂದೇನು ಹೋಗುತ್ತೆ, ನಿಂಗೆ ಇರೋದು ಅವನೊಬ್ಬ — ಆಮೇಲೆ ಸಾಲು ಮುಂದೆ ಹೋಯಿತು, ಅವಳೂ ಮುಂದೆ ಹೋದಳು. ಕಳೆದ ಮಂಗಳವಾರ ಗೋಡೆಯ ಆಚೆಯಿಂದ ಕರೆದಳು, ಮಂಡಿ ಮಡಚೋಕೇ ಬರ್ತಿಲ್ಲ, ಡಾಕ್ಟ್ರು ಕೊಟ್ಟ ಮಾತ್ರೆ ಹೊಟ್ಟೆ ಸುಡುತ್ತೆ, ನಿಮ್ಮಲ್ಲಿ ಆ ಎಲೆಯ ಮುಲಾಮು ಕಾಸ್ತಾರಂತಲ್ಲ, ಒಂಚೂರು ಸಿಗುತ್ತಾ — ಶನಿವಾರ ಕೊಯ್ಲು ಪೋಚಾ, ಬಾ, ನಾನೇ ಕೊಡ್ತೀನಿ, ಅವನಿಗೂ ಆವತ್ತೇ ಹೇಳ್ತೀನಿ — ನೀನು ಮುಲಾಮು ಕೊಟ್ರೆ ಸಾಕಪ್ಪ, ಅಂದಳು, ನಕ್ಕಳೋ ಕೆಮ್ಮಿದಳೋ ಗೋಡೆಯಾಚೆ ಗೊತ್ತಾಗಲಿಲ್ಲ.

ಇವತ್ತು ಶನಿವಾರ. ಒಲೆಯ ಮೇಲೆ ಮೊದಲ ಹದ ಆಗಲೇ ಇಳಿದಿದೆ, ಒಣಗಿಸಿದ ಹಳೆಯ ಎಲೆ, ಎಣ್ಣೆ, ಜೇನುಮೇಣ, ಯಾಮಂದು ಬೆಳಗ್ಗೆಯೇ ಸೋಸಿ ಇಟ್ಟಿದ್ದಾನೆ, ಹಸಿರು, ಗಟ್ಟಿಯಾಗುತ್ತಿದೆ, ಎಲ್ಲ ಇದೆ, ಬಾಯಿ ಮಾತ್ರ ಇಲ್ಲ, ಹೇಳಿದರೆ ಇವನು ಕತ್ತರಿ ಕೆಳಗಿಟ್ಟು ಎದ್ದು ಹೋಗುತ್ತಾನೆ, ಕೂಗಾಡುವುದಿಲ್ಲ, ಅವನಿಗೆ ಕೂಗಾಡಿ ಅಭ್ಯಾಸವಿಲ್ಲ, ಟೋಪಿ ಹಾಕಿಕೊಂಡು ಹೋಗುತ್ತಾನೆ, ಮತ್ತೆ ಬರುವುದಿಲ್ಲ, ಪೋಚಾಳ ಮುಖ ಹದಿನಾಲ್ಕು ವರ್ಷ ನೋಡದವನು ನನ್ನ ಮುಖ ನೋಡುತ್ತಾನೆಯೇ, ಭಾನುವಾರದ ಊಟ ಇಲ್ಲ, ಬೀರು ಇಲ್ಲ, ಮುದುಕಪ್ಪ ಅನ್ನುವವರಿಲ್ಲ, ನನಗೆ ಅರವತ್ತೊಂಬತ್ತು, ಇನ್ನೊಂದು ಹತ್ತು ವರ್ಷ ಖಾಲಿ ಬೀರು ನೋಡುತ್ತಾ — ಎಣ್ಣೆ ಬಟ್ಟಲು ಕೊಡು ಯಾಮಂದು, ಅನ್ನುತ್ತೇನೆ, ಕೊಡುತ್ತಾನೆ, ತಲೆ ಎತ್ತುತ್ತಾನೆ, ಈಗ, ಈಗಲೇ, ಫೋನ್ — ಯಾರೋ ಬಾಗಿಲು ಬಡಿಯುತ್ತಿದ್ದಾರೆ.

ಅವನೇ ಎದ್ದ, ನಾನು ಏಳುವಷ್ಟರಲ್ಲಿ ಅಗುಳಿ ತೆಗೆದ, ಬೆಳಕು, ಬೆಳಕಿನಲ್ಲಿ ಕುಳ್ಳಗೆ ಪೋಚಾ, ನೀಲಿ ಸ್ವೆಟರು, ಮೊಣಕೈಯಲ್ಲಿ ತೂಗುಹಾಕಿಕೊಂಡ ಊರುಗೋಲು, ಕೈಯಲ್ಲಿ ಒಂದು ಗಾಜಿನ ಬಾಟಲಿ, ತೊಳೆದದ್ದು, ಚೀಟಿ ಕಿತ್ತದ್ದು, ಇನ್ನೊಂದು ಕೈಯಲ್ಲಿ ಅದರ ಮುಚ್ಚಳ — ನಮಸ್ಕಾರ ದೋನ್ಯಾ ಪೋಚಾ, ಅನ್ನುತ್ತಾನೆ ಯಾಮಂದು, ಅವನ ಬೆನ್ನು ಮಾತ್ರ ನನಗೆ ಕಾಣುತ್ತಿದೆ, ನಿಮ್ಮ ಫೋನು ಚೆನ್ನಾಗಿದೆಯಾ, ಠಾಣೆ ನಂಬರು ಇನ್ನೂ ನೆನಪಿದೆಯಾ — ನೆನಪೆಲ್ಲ ಹೋಯ್ತು ಮಗಾ, ಮಂಡಿ ಮಾತ್ರ ಉಳಿದಿದೆ, ಅನ್ನುತ್ತಾಳೆ ಅವಳು — ಯಾರು ಹೇಳಿದ್ರು ನಿಮಗೆ ಇಲ್ಲಿ ಮುಲಾಮು ಸಿಗುತ್ತೆ ಅಂತ — ಅವಳ ಕಣ್ಣು ಅವನ ತೋಳಿನ ಪಕ್ಕದಿಂದ ನನ್ನತ್ತ ಬಂತು, ಒಂದು ಕ್ಷಣ ನಿಂತಿತು, ಹೋಯಿತು — ಯಾರೂ ಹೇಳಲಿಲ್ಲಪ್ಪ, ವಾಸನೆ ಬಂತು, ನಾನಾಗೇ ಬಂದೆ, ಇದ್ರೆ ಕೊಡು, ಇಲ್ದಿದ್ರೆ ಹೋಗ್ತೀನಿ — ಅವನು ಬಾಗಿಲು ಹಾಕಿಬಿಡುತ್ತಾನೆ ಅಂದುಕೊಂಡೆ, ಹಾಕಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿದ, ಭುಜ ಇಳಿಯಿತು, ಉಸಿರುಬಿಟ್ಟ, ತಿರುಗಿದ, ಅವನ ಮುಖದಲ್ಲಿ ನಾನು ಹದಿನಾಲ್ಕು ವರ್ಷದಿಂದ ಕಾಣದ್ದೇನೋ ಇದೆ, ದಣಿವು, ದಣಿವಿನ ಹಿಂದೆ ಇನ್ನೂ ಮೆತ್ತಗಿನದೊಂದು — ಅಪ್ಪ, ಎಷ್ಟು ದಿನ ಅಂತ ಇದು, ನಂಗೂ ಸಾಕಾಗಿದೆ, ನೋಡು, ನಿಲ್ಲೋಕೂ ಆಗ್ತಿಲ್ಲ ಇವರಿಗೆ, ಒಳಗೆ ಕರೆದು ಕೂರಿಸಿ ಒಂದ್ಸಲ ಎಲ್ಲಾ ಮಾತಾಡಿ ಮುಗಿಸಿಬಿಡೋಣ ಅನ್ಸುತ್ತೆ, ಯಾಕೆ ಮಾಡಿದ್ರಿ ಅಂತ ಒಂದ್ಸಲ ಕೇಳಿಬಿಡ್ತೀನಿ, ಆಮೇಲೆ ಮುಲಾಮು ತಗೊಂಡು ಹೋಗ್ಲಿ, ಮನೆ ನಿಂದು, ಗಿಡ ನಿನ್ನ ಹೆಸರಲ್ಲಿವೆ, ನೀನು ಹೇಳು, ಕರೀಲಾ — ಒಳಗೆ ಕರೆದು, ಕೂರಿಸಿ, ಯಾಕೆ ಮಾಡಿದ್ರಿ, ಈ ಮೇಜಿನ ಮುಂದೆ, ನನ್ನ ಎದುರು, ಅವಳೆಷ್ಟು ಹೊತ್ತು ತಡೆದಾಳು, ಎಂಬತ್ತಾರರ ಹೆಂಗಸು, ಮಗನೇ ಕ್ಷಮಿಸಲು ಹೊರಟಿದ್ದಾನೆ, ಅವಳು ಬಾಯಿ ತೆರೆಯಬೇಕಾಗಿಯೂ ಇಲ್ಲ, ನನ್ನತ್ತ ಇನ್ನೊಮ್ಮೆ ನೋಡಿದರೆ ಮುಗಿಯಿತು, ನನ್ನದೊಂದು ಹೂಂ ಸಾಕು, ಹೂಂ ಅಂದರೆ ಅವಳ ಮಂಡಿಗೆ ಮುಲಾಮು, ಅವನ ಎದೆಗೆ ತಂಪು, ನನಗೆ —

ಬೇಡ, ಅಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಅಂದೆ, ಬೇಡ, ಈ ಮನೆಗೆ ಬೇಡ. ಯಾಮಂದು ನನ್ನನ್ನು ನೋಡಿದ, ಸರಿ ಅಪ್ಪ ಅಂದ, ನೀನು ಮರೆಯೋನಲ್ಲ, ಅಂದ, ಅದರಲ್ಲಿ ಗೌರವವಿತ್ತು. ಅವಳು ಹೊಸ್ತಿಲಾಚೆಯೇ ನಿಂತು ಬಾಟಲಿಗೆ ಮುಚ್ಚಳ ಹಾಕುತ್ತಿದ್ದಾಳೆ, ಮುಚ್ಚಳದ ಸುತ್ತು ಬಾಟಲಿಯ ಸುತ್ತಿಗೆ ಕೂರುತ್ತಿಲ್ಲ, ತಿರುಗಿಸುತ್ತಾಳೆ, ಓರೆಯಾಗುತ್ತದೆ, ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ, ತಿರುಗಿಸುತ್ತಾಳೆ, ಖಾಲಿ ಬಾಟಲಿ, ಅದರಲ್ಲಿ ಚೆಲ್ಲುವಂಥದ್ದೇನೂ ಇಲ್ಲ, ಆದರೂ ಮುಚ್ಚುತ್ತಿದ್ದಾಳೆ, ಕೂರುತ್ತಿಲ್ಲ, ತೆಗೆಯುತ್ತಾಳೆ, ಇಡುತ್ತಾಳೆ, ತಿರುಗಿಸುತ್ತಾಳೆ —